ಮನೆ ಶುಚಿಗೆ ಬ್ಲೀಚೋ, ವಿನೆಗರೋ, ಬರೀ ಸೋಪೋ? ಆರಿಸಿಕೊಳ್ಳಲು ಒಂದು ಹೋಲಿಕೆ

ನೆಲ ಒರೆಸುವಾಗ ಕಣ್ಣು ಉರಿಯುತ್ತದೆ. ಟಾಯ್ಲೆಟ್ ತೊಳೆದು ಬಂದ ಮೇಲೆ ಗಂಟಲು ಕೆರೆಯುತ್ತದೆ. ದಿನವೂ ಪಾತ್ರೆ ತಿಕ್ಕುವ ಕೈ ಒಣಗಿ ಬಿರುಕು ಬಿಡುತ್ತದೆ. ಇಷ್ಟಾದ ಮೇಲೆ ಯಾರಿಗಾದರೂ ಅನ್ನಿಸುತ್ತದೆ, ಈ ಕೆಮಿಕಲ್‌ಗಳ ಸಹವಾಸವೇ ಬೇಡ, ನೈಸರ್ಗಿಕವಾದದ್ದಕ್ಕೆ ಹೋಗಿಬಿಡೋಣ ಎಂದು. ಅದರ ಬೆನ್ನಿಗೇ ಅನುಮಾನಗಳೂ ಬರುತ್ತವೆ. ವಿನೆಗರ್‌ಗೆ ಕ್ರಿಮಿ ಸಾಯುತ್ತದೆಯೇ? ಮಗು ಅಂಬೆಗಾಲಿಡುವ ನೆಲಕ್ಕೆ ಬ್ಲೀಚ್ ಹಾಕುವುದು ಅಪಾಯವೋ, ಹಾಕದಿರುವುದು ಅಪಾಯವೋ? ಹಸಿರು ಎಲೆಯ ಚಿತ್ರವಿರುವ ಬಾಟಲಿಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿದೆಯೇ?

ಉತ್ತರ ಹುಡುಕುವಾಗ "ಕೆಮಿಕಲ್" ಒಂದು ಕಡೆ, "ನೈಸರ್ಗಿಕ" ಇನ್ನೊಂದು ಕಡೆ ಎಂದು ಗೆರೆ ಎಳೆದುಕೊಂಡರೆ ಲೆಕ್ಕ ತಪ್ಪುತ್ತದೆ. ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ, ಅದೂ ರಾಸಾಯನಿಕವೇ. ಬೋರಾಕ್ಸ್ ನೆಲದಿಂದ ಅಗೆದು ತೆಗೆಯುವ ಖನಿಜ. ಆದರೂ ಸಂತಾನಶಕ್ತಿಗೆ, ಹೊಟ್ಟೆಯಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲ ವಸ್ತುಗಳ ಪಟ್ಟಿಯಲ್ಲಿ ಐರೋಪ್ಯ ಒಕ್ಕೂಟ ಅದನ್ನು ಸೇರಿಸಿದೆ. ಅತ್ತ ಅಂಗಡಿಯ ಸಾದಾ ಪಾತ್ರೆ ಸೋಪು ಕಾರ್ಖಾನೆಯಲ್ಲಿ ತಯಾರಾದದ್ದು, ಆದರೂ ಮನೆಯೊಳಗಿನ ಬಾಟಲಿಗಳಲ್ಲಿ ಅತಿ ಕಡಿಮೆ ತೊಂದರೆ ಕೊಡುವವುಗಳಲ್ಲಿ ಅದೂ ಒಂದು. ಆದ್ದರಿಂದ ಎಲ್ಲಿಂದ ಬಂತು ಎಂಬುದನ್ನು ಬದಿಗಿಟ್ಟು, ಏನು ಮಾಡುತ್ತದೆ, ಯಾರ ಮೈಗೆ ತಾಗುತ್ತದೆ ಎಂದು ಕೇಳುತ್ತ ಹೋಗೋಣ.

ಯಾವುದನ್ನು ನೋಡಿ ಆರಿಸಬೇಕು

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಉಸಿರನ್ನು, ಅದರಲ್ಲೂ ಶುಚಿ ಮಾಡುವವರ ಉಸಿರನ್ನು. ಮನೆಯ ಕ್ಲೀನರ್ ಬಗ್ಗೆ ಮಾತು ಬಂದಾಗಲೆಲ್ಲ ಮಕ್ಕಳ ಆರೋಗ್ಯ, ಅತಿಥಿಗಳ ಕಣ್ಣು, ನೆಲದ ಹೊಳಪು ಎಲ್ಲವೂ ಚರ್ಚೆಯಾಗುತ್ತವೆ. ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಲ್ಲಿ ಬಗ್ಗಿ ನಿಂತು ಆ ಆವಿಯನ್ನು ವರ್ಷಗಟ್ಟಲೆ ಎಳೆದುಕೊಳ್ಳುವವರ ಶ್ವಾಸಕೋಶದ ಮಾತು ಬರುವುದೇ ಕಡಿಮೆ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 6,000ಕ್ಕೂ ಹೆಚ್ಚು ಜನರ ಶ್ವಾಸಕೋಶದ ಸಾಮರ್ಥ್ಯವನ್ನು ಸುಮಾರು 20 ವರ್ಷಗಳ ಅವಧಿಯಲ್ಲಿ ಅಳೆದು ನೋಡಿದ ಅಧ್ಯಯನ ಅದು. ಮನೆ ಶುಚಿ ಮಾಡುತ್ತಿದ್ದ ಮಹಿಳೆಯರಲ್ಲೂ, ಅದನ್ನೇ ಕೆಲಸವಾಗಿ ಮಾಡುತ್ತಿದ್ದ ಮಹಿಳೆಯರಲ್ಲೂ ಆ ಸಾಮರ್ಥ್ಯ ಶುಚಿ ಮಾಡದವರಿಗಿಂತ ಬೇಗ ಇಳಿದಿತ್ತು. ಗಂಡಸರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇಂಥ ಅಧ್ಯಯನದಿಂದ ಇಂಥದೇ ಬಾಟಲಿ ಕಾರಣ ಎಂದು ಬೆರಳು ಮಾಡಿ ತೋರಿಸಲಾಗದು. ಆದರೆ ವರ್ಷಗಳ ಲೆಕ್ಕದಲ್ಲಿ ಯೋಚಿಸಬೇಕಾದ ವಿಷಯವಿದು ಎನ್ನುವುದಕ್ಕೆ ಅಷ್ಟು ಸಾಕು.

ಇದರ ಜೊತೆ ಓದಬೇಕಾದ ಇನ್ನೊಂದು ಅಧ್ಯಯನ 2007ರದು. ಯುರೋಪಿನ 10 ದೇಶಗಳಲ್ಲಿ ಆರಂಭಕ್ಕೆ ಆಸ್ತಮಾ ಇಲ್ಲದ ಸುಮಾರು 3,500 ಜನರನ್ನು ಗಮನಿಸಿದಾಗ, ವಾರಕ್ಕೊಮ್ಮೆಯಾದರೂ ಸ್ಪ್ರೇ ರೂಪದ ಕ್ಲೀನರ್ ಬಳಸಿದವರಲ್ಲಿ ಆಸ್ತಮಾದ ಲಕ್ಷಣಗಳು ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟಿತ್ತು. ಸ್ಪ್ರೇ ಅಲ್ಲದ ಕ್ಲೀನರ್‌ಗಳಿಗೂ ಆಸ್ತಮಾಕ್ಕೂ ಆ ಅಧ್ಯಯನದಲ್ಲಿ ನಂಟು ಸಿಗಲಿಲ್ಲ. ಗಾಜಿನ ಸ್ಪ್ರೇ, ಪೀಠೋಪಕರಣದ ಸ್ಪ್ರೇ, ಕೋಣೆಯ ಪರಿಮಳದ ಸ್ಪ್ರೇ ಇವೇ ಮುಂದಿದ್ದವು. ದ್ರವವನ್ನು ಸಣ್ಣ ಹನಿಗಳಾಗಿ ಸಿಡಿಸಿದಾಗ ಅದು ಗಾಳಿಯಲ್ಲಿ ತೇಲಿ ಮೂಗಿನೊಳಗೆ ಹೋಗುತ್ತದೆ. ಅದನ್ನೇ ಬಟ್ಟೆಗೆ ಸುರಿದುಕೊಂಡು ಒರೆಸಿದರೆ ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತದೆ. ದುಡ್ಡಿಲ್ಲದೆ, ಏನನ್ನೂ ಹೊಸದಾಗಿ ಕೊಳ್ಳದೆ ಇವತ್ತೇ ಮಾಡಬಹುದಾದ ಬದಲಾವಣೆ ಇದು: ಸ್ಪ್ರೇ ಬಾಟಲಿಯ ಮುಚ್ಚಳ ಬಿಚ್ಚಿ ಬಟ್ಟೆಗೆ ಸುರಿಯಿರಿ.

ಎರಡನೆಯದು ಕೊಳೆಯ ಜಾತಿ. ಜಿಡ್ಡಿಗೆ ಬೇಕಾದದ್ದು ಸೋಪು ಅಥವಾ ಕ್ಷಾರ. ಗಡಸು ನೀರು ಒಣಗಿ ಕೂರುವ ಬಿಳಿ ಪೊರೆಗೆ ಬೇಕಾದದ್ದು ಆಮ್ಲ. ಸೋಂಕು ಹರಡುವ ಕ್ರಿಮಿಗೆ ಬೇಕಾದದ್ದು ಸೋಂಕುನಿವಾರಕ, ಅದೂ ಕೊಳೆ ತೊಳೆದಾದ ಮೇಲೆ. ಕೊಳೆ ಇರುವಲ್ಲಿ ಬ್ಲೀಚ್ ಹಾಕಿದರೆ ಅದು ಕ್ರಿಮಿಯನ್ನು ಮುಟ್ಟುವ ಮೊದಲೇ ಕೊಳೆಯ ಜೊತೆ ಹೊಡೆದಾಡಿ ಶಕ್ತಿ ಕಳೆದುಕೊಳ್ಳುತ್ತದೆ. ಶುಚಿ ಮಾಡುವುದು ಬೇರೆ, ಸೋಂಕು ಕಳೆಯುವುದು ಬೇರೆ. ಮನೆಯಲ್ಲಿ ನಾವು ಮಾಡುವ ಕೆಲಸದಲ್ಲಿ ಮೊದಲನೆಯದೇ ಬಹುಪಾಲು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಚರ್ಮ ಮತ್ತು ಕಣ್ಣಿಗೆ ಎಷ್ಟು ಕಟು. ಮಗು ಕುಡಿದುಬಿಟ್ಟರೆ, ಸಾಕುಪ್ರಾಣಿ ನೆಕ್ಕಿಬಿಟ್ಟರೆ ಏನಾದೀತು. ಯಾವ ಮೇಲ್ಮೈಯನ್ನು ಹಾಳುಮಾಡುತ್ತದೆ. ಕೊನೆಗೆ ದುಡ್ಡು ಮತ್ತು ಸಮಯ. ಸಮಯವನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೃದುವಾದ ಕ್ಲೀನರ್‌ಗಳು ಹೆಚ್ಚಾಗಿ ಕಾಯಬೇಕೆನ್ನುತ್ತವೆ, ತಿಕ್ಕಬೇಕೆನ್ನುತ್ತವೆ. ಆ ತಿಕ್ಕುವ ಕೈ ಯಾರದು ಎಂಬುದನ್ನೂ ಲೆಕ್ಕದಲ್ಲಿ ಸೇರಿಸಬೇಕು.

ಕಟುವಾದ ಬಾಟಲಿಗಳು

ಬ್ಲೀಚ್‌ನಿಂದಲೇ ಶುರುಮಾಡೋಣ. ಇದು ನೀರಿನಲ್ಲಿ ಕರಗಿದ ಸೋಡಿಯಂ ಹೈಪೊಕ್ಲೋರೈಟ್. ಮನೆಬಳಕೆಯದರಲ್ಲಿ ಸಾಮಾನ್ಯವಾಗಿ ಶೇ. 5ರ ಆಸುಪಾಸು ಇರುತ್ತದೆ. ಇದರ ಶಕ್ತಿಯ ಬಗ್ಗೆ ಅನುಮಾನ ಬೇಡ. ಮನೆಮಂದಿಗೆಲ್ಲ ಒಬ್ಬರ ಹಿಂದೊಬ್ಬರಂತೆ ವಾಂತಿಭೇದಿ ಹತ್ತಿಸುವ ನೊರೊವೈರಸ್‌ಗೆ ಕೈಗೆ ಹಚ್ಚುವ ಆಲ್ಕೋಹಾಲ್ ಅಷ್ಟಾಗಿ ನಾಟುವುದಿಲ್ಲ, ಬ್ಲೀಚ್ ನಾಟುತ್ತದೆ. ಬೆಲೆಯೂ ಕಡಿಮೆ. ಹಾಗೆಂದು ದಿನವೂ ನೆಲಕ್ಕೆ ಸುರಿಯುವ ವಸ್ತು ಇದಲ್ಲ. ಆವಿ ಶ್ವಾಸನಾಳವನ್ನು ಕೆರಳಿಸುತ್ತದೆ, ದಟ್ಟವಾದ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಬಳಸಲೇಬೇಕಾದಾಗ ಅಳತೆ ಮುಖ್ಯ. ಮೇಲ್ಮೈಗಳ ಸೋಂಕು ಕಳೆಯಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಪ್ರಮಾಣ ಶೇ. 0.1. ಅಂದರೆ ಶೇ. 5ರ ಬ್ಲೀಚ್ ಆದರೆ ಒಂದು ಲೀಟರ್‌ನಷ್ಟು ದ್ರಾವಣಕ್ಕೆ 20 ಮಿಲಿ ಸಾಕು. ತಣ್ಣೀರಿನಲ್ಲಿ, ಆಯಾ ದಿನಕ್ಕೆ ಬೇಕಾದಷ್ಟೇ ಬೆರೆಸಿಕೊಳ್ಳಿ. ಇಟ್ಟರೆ ಶಕ್ತಿ ಇಳಿಯುತ್ತದೆ. ಮೊದಲು ಸೋಪಿನಿಂದ ತೊಳೆದು, ಆಮೇಲೆ ಬ್ಲೀಚ್ ನೀರು ಬಳಿದು, 5 ನಿಮಿಷ ಒದ್ದೆಯಾಗಿಯೇ ಇರಲು ಬಿಟ್ಟು ನೀರಿನಿಂದ ಒರೆಸಿ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಹಣ್ಣು ತರಕಾರಿಯನ್ನು ಬ್ಲೀಚ್ ನೀರಲ್ಲಿ ತೊಳೆಯುವ, ಅದನ್ನೇ ಮೈಗೆ ಸಿಂಪಡಿಸಿಕೊಳ್ಳುವ ಹುಚ್ಚು ಧೈರ್ಯ ಯಾವ ಕಾಲಕ್ಕೂ ಬೇಡ. 2020ರ ಮೇ ತಿಂಗಳಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ 502 ಮಂದಿಯನ್ನು ಕೇಳಿದಾಗ ಶೇ. 39ರಷ್ಟು ಜನ ಇಂಥ ಏನಾದರೊಂದು ಅಪಾಯದ ಕೆಲಸ ಮಾಡಿದ್ದರು.

ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಅನೇಕವು ಹೈಡ್ರೋಕ್ಲೋರಿಕ್ ಆಮ್ಲದ್ದು. ಹಳದಿ ಕಲೆ, ಗಟ್ಟಿಯಾದ ಸುಣ್ಣದ ಪೊರೆ ಕ್ಷಣದಲ್ಲಿ ಕರಗುತ್ತದೆ. ಹಾಗೆಯೇ ಚರ್ಮವೂ ಸುಡುತ್ತದೆ. ಕಟ್ಟಿಕೊಂಡ ಪೈಪಿಗೆ ಹಾಕುವ ಪುಡಿ, ದ್ರವಗಳು ಇನ್ನೂ ಕಟು. ಅವುಗಳಲ್ಲಿರುವುದು ಕಾಸ್ಟಿಕ್ ಸೋಡಾ ಅಥವಾ ಗಂಧಕಾಮ್ಲ. ನನ್ನ ಮಾತು ಕೇಳುವುದಾದರೆ ಪೈಪಿನ ಪುಡಿಯನ್ನು ಮನೆಗೆ ತರಲೇಬೇಡಿ. ರಬ್ಬರ್ ಬಟ್ಟಲಿನ ಪಂಪು ಮತ್ತು ಉದ್ದನೆಯ ಬಗ್ಗುವ ತಂತಿ ಅದೇ ಕೆಲಸವನ್ನು ಯಾವ ವಿಷವೂ ಇಲ್ಲದೆ ಮಾಡುತ್ತವೆ, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತವೆ. ಜಾಲರಿ ಹಾಕಿ ಕೂದಲು ಒಳಗೆ ಹೋಗದಂತೆ ತಡೆದರೆ ಅವುಗಳ ಕೆಲಸವೂ ಕಡಿಮೆ.

ಗಾಜು ಒರೆಸುವ ದ್ರವದಲ್ಲಿ ಅಮೋನಿಯಾ ಇರಬಹುದು. ಆಸ್ತಮಾ ಇದ್ದವರಿಗೆ ಅದರ ಘಾಟು ಆಗಿಬರುವುದಿಲ್ಲ. ನೀರು ಮತ್ತು ಮೈಕ್ರೋಫೈಬರ್ ಬಟ್ಟೆಯಿಂದ ಗಾಜು ಚೆನ್ನಾಗಿಯೇ ಹೊಳೆಯುತ್ತದೆ. ಇಲ್ಲಿ ಹೆಚ್ಚು ಯೋಚಿಸಬೇಕಿಲ್ಲ.

"99.9% ಕ್ರಿಮಿಗಳನ್ನು ಕೊಲ್ಲುತ್ತದೆ" ಎನ್ನುವ ಪರಿಮಳದ ದ್ರವಗಳು ಮತ್ತು ಒದ್ದೆ ವೈಪ್‌ಗಳ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಇವುಗಳಲ್ಲಿ ಬಹಳಷ್ಟು ಬೆಂಜಾಲ್ಕೋನಿಯಂ ಕ್ಲೋರೈಡ್‌ನಂಥ ಕ್ವಾಟರ್ನರಿ ಅಮೋನಿಯಂ ಎಂಬ ಜಾತಿಯ ಕ್ರಿಮಿನಾಶಕಗಳನ್ನು ಹೊಂದಿರುತ್ತವೆ. ಬ್ಲೀಚಿನಷ್ಟು ಘಾಟಿಲ್ಲ, ಬಟ್ಟೆಯ ಬಣ್ಣ ಹೋಗುವುದಿಲ್ಲ, ಅದಕ್ಕೇ ಜನ ಕೈಬಿಚ್ಚಿ ಬಳಸುತ್ತಾರೆ. ಆದರೆ ಶುಚಿ ಮಾಡುವ ಕೆಲಸದವರಲ್ಲಿ ಹೊಸದಾಗಿ ಆಸ್ತಮಾ ತರುವ, ಚರ್ಮಕ್ಕೆ ಅಲರ್ಜಿ ಹುಟ್ಟಿಸುವ ವಸ್ತುಗಳ ಸಾಲಿನಲ್ಲಿ ಇವುಗಳ ಹೆಸರಿದೆ. ಒಂದು ಸಣ್ಣ ಸಂಗತಿ ಗೊತ್ತಿರಲಿ: ಸೋಪಿನ ನೊರೆಯ ಜೊತೆ ಬೆರೆಸಿದರೆ ಇವುಗಳ ಕ್ರಿಮಿನಾಶಕ ಗುಣ ಕುಗ್ಗಿಹೋಗುತ್ತದೆ. ಹಾಗಾಗಿ ಬಕೆಟ್ಟಿಗೆ ಎರಡನ್ನೂ ಸುರಿದವರು ದುಡ್ಡನ್ನೂ ಸುರಿದಂತೆ. ಲೇಬಲ್ಲಿನಲ್ಲಿ ಹೇಳಿದಷ್ಟು ನಿಮಿಷ ಮೇಲ್ಮೈ ಒದ್ದೆಯಾಗಿರದಿದ್ದರೆ ಆ 99.9ರ ಮಾತೂ ಅನ್ವಯಿಸುವುದಿಲ್ಲ. ದಿನನಿತ್ಯದ ನೆಲಕ್ಕೆ, ಮೇಜಿಗೆ ಇವು ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈ ತೊಳೆಯುವ ಸೋಪಿನಲ್ಲೂ ಇದೇ ಕಥೆ ನಡೆದಿದೆ. ಟ್ರೈಕ್ಲೋಸಾನ್ ಸೇರಿ 19 ಕ್ರಿಮಿನಾಶಕ ವಸ್ತುಗಳು ಸಾದಾ ಸೋಪಿಗಿಂತ ಹೆಚ್ಚು ರಕ್ಷಣೆ ಕೊಡುತ್ತವೆ, ದೀರ್ಘಕಾಲದ ಬಳಕೆಗೆ ಸುರಕ್ಷಿತ ಎಂದು ತಯಾರಕರು ತೋರಿಸಿಕೊಡಲಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಅವುಗಳನ್ನು ಮನೆಬಳಕೆಯ ಕೈಸೋಪಿನಿಂದ ಹೊರಹಾಕಿತು.

ಮೃದುವೆನ್ನಿಸುವ ಆಯ್ಕೆಗಳು

ಸಾದಾ ಸೋಪು, ಪರಿಮಳವಿಲ್ಲದ ಪಾತ್ರೆ ದ್ರವ. ಜನ ಇದನ್ನು ಆಯ್ಕೆಯೆಂದೇ ಎಣಿಸುವುದಿಲ್ಲ, ಅದಕ್ಕೇ ಇದನ್ನು ಮೊದಲಿಗಿಡುತ್ತಿದ್ದೇನೆ. ಸೋಪಿನ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಎರಡರ ನಡುವೆ ಕೊಳೆಯೂ ಕ್ರಿಮಿಯೂ ಮೇಲ್ಮೈ ಬಿಟ್ಟು ನೀರಿನೊಡನೆ ಹೊರಡುತ್ತವೆ. ಕೊಬ್ಬಿನ ಹೊದಿಕೆಯಿರುವ ವೈರಸ್‌ಗಳ, ಅಂದರೆ ಫ್ಲೂ ಮತ್ತು ಕೊರೋನಾದಂಥವುಗಳ, ಹೊದಿಕೆಯನ್ನೇ ಸೋಪು ಒಡೆಯುತ್ತದೆ. ಒಂದು ಬಕೆಟ್ ಬೆಚ್ಚಗಿನ ನೀರಿಗೆ ಒಂದು ಚಮಚದಷ್ಟು ದ್ರವ ಹಾಕಿದರೆ ನೆಲ, ಮೇಜು, ಒಲೆಕಟ್ಟೆ, ಬಾಗಿಲ ಹಿಡಿ, ಬಚ್ಚಲ ಟೈಲ್ಸ್ ಎಲ್ಲಕ್ಕೂ ಆಯಿತು. ಉಸಿರಿಗೆ ಹಗುರ, ಜೇಬಿಗೂ ಹಗುರ. ಕುಂದೆಂದರೆ ಹೆಚ್ಚು ಹೊತ್ತು ಮುಳುಗಿದ ಕೈ ಒಣಗುತ್ತದೆ, ಗಡಸು ನೀರಿನ ಪೊರೆಗೆ ಇದು ನಾಟುವುದಿಲ್ಲ. ಕೊಳ್ಳುವಾಗ ಮೀಥೈಲ್‌ಐಸೋಥಯಾಜೊಲಿನೋನ್ ಎಂಬ ಸಂರಕ್ಷಕ ಇದೆಯೇ ಎಂದು ಲೇಬಲ್ ನೋಡಿ. ಸ್ಪರ್ಶದ ಅಲರ್ಜಿ ತರುವುದರಲ್ಲಿ ಅದು ಎಷ್ಟು ಹೆಸರಾಗಿದೆಯೆಂದರೆ, ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರ "ವರ್ಷದ ಅಲರ್ಜಿಕಾರಕ" ಎಂದು ಅದನ್ನೇ ಸಾರಿತು. ಕೈ ಪದೇ ಪದೇ ಕೆಂಪಾಗಿ ಕಡಿಯುವವರು ಇದನ್ನು ಮೊದಲು ಶಂಕಿಸಬೇಕು.

ವಿನೆಗರ್ ಮತ್ತು ಸಿಟ್ರಿಕ್ ಆಮ್ಲ ಒಂದೇ ಮನೆತನದವು. ವಿನೆಗರ್‌ನಲ್ಲಿ ಸುಮಾರು ಶೇ. 5 ಅಸಿಟಿಕ್ ಆಮ್ಲ ಇರುತ್ತದೆ. ನಲ್ಲಿಯ ಬಾಯಿಯ ಬಿಳಿ ಪೊರೆ, ಶವರ್‌ನ ಕಟ್ಟಿದ ತೂತು, ಕೆಟಲ್‌ನ ತಳದ ಸುಣ್ಣ, ಗಾಜಿನ ಮೇಲಿನ ನೀರಿನ ಕಲೆ ಇವಕ್ಕೆ ಇವೆರಡೂ ಸರಿ. ಅರ್ಧ ಗಂಟೆ ನೆನೆಸಿ ಬಿಟ್ಟರೆ ತಿಕ್ಕುವ ಕೆಲಸ ತಾನಾಗಿ ಇಳಿಯುತ್ತದೆ. ಇವೆರಡರಲ್ಲಿ ನಾನು ಆರಿಸುವುದು ಸಿಟ್ರಿಕ್ ಆಮ್ಲದ ಪುಡಿಯನ್ನು. ಹುಳಿವಾಸನೆ ಇಲ್ಲ, ಚಿಕ್ಕ ಪೊಟ್ಟಣ ಬಹಳ ದಿನ ಬರುತ್ತದೆ, ಬೇಕಾದಾಗ ಬೇಕಾದಷ್ಟೇ ಕರಗಿಸಿಕೊಳ್ಳಬಹುದು. ಕಣ್ಣಿಗೆ ಹಾರದಂತೆ ನೋಡಿಕೊಳ್ಳಬೇಕು, ಅಷ್ಟೇ. ಆದರೆ ಇವೆರಡೂ ಅಮೃತಶಿಲೆಗೆ ಶತ್ರು. ಸುಣ್ಣದ ಅಂಶವಿರುವ ಕಲ್ಲನ್ನು ಆಮ್ಲ ಕೊರೆಯುತ್ತದೆ, ಹೊಳಪು ಹೋದರೆ ಮತ್ತೆ ಪಾಲಿಶ್ ಮಾಡಿಸದೆ ಬರುವುದಿಲ್ಲ. ಟೈಲ್ಸ್ ಸಂದಿನ ಸಿಮೆಂಟು, ಕಬ್ಬಿಣ ಇವಕ್ಕೂ ಬೇಡ. ಇನ್ನೂ ಮುಖ್ಯವಾದದ್ದು: ವಿನೆಗರ್ ಕೆಲವು ಕ್ರಿಮಿಗಳನ್ನು ತಗ್ಗಿಸಬಹುದು, ಆದರೆ ನಂಬಿ ಕೂರುವಂಥ ಸೋಂಕುನಿವಾರಕ ಅದಲ್ಲ. ಹಸಿ ಮಾಂಸ ಕತ್ತರಿಸಿದ ಹಲಗೆಗೆ, ವಾಂತಿ ಬಿದ್ದ ನೆಲಕ್ಕೆ ಅದನ್ನು ಬಳಿದು ಸುಮ್ಮನಾಗಬಾರದು.

ಅಡಿಗೆ ಸೋಡಾ ಸೌಮ್ಯವಾದ ಕ್ಷಾರ. ಗೀರು ಬೀಳದಂತೆ ತಿಕ್ಕಲು, ಫ್ರಿಜ್ಜಿನ ವಾಸನೆ ತೆಗೆಯಲು, ತಳಹಿಡಿದ ಪಾತ್ರೆಗೆ ಚೆನ್ನ. ಅದರ ಅಣ್ಣ ವಾಷಿಂಗ್ ಸೋಡಾ ಬಲಶಾಲಿ. ಅದರ ದ್ರಾವಣದ ಪಿಹೆಚ್ (ಆಮ್ಲ-ಕ್ಷಾರದ ಅಳತೆ, 7 ಎಂದರೆ ತಟಸ್ಥ) 11ರ ಸುತ್ತ ಇರುತ್ತದೆ. ಚಿಮಣಿಯ ಜಾಲರಿಯ ಮೇಲಿನ ಅಂಟು ಜಿಡ್ಡಿಗೆ ಬಿಸಿನೀರಿನ ಜೊತೆ ಇದರಷ್ಟು ಅಗ್ಗದ ಮದ್ದು ಬೇರೆಯಿಲ್ಲ. ಕೈಗವಸು ಹಾಕಿಕೊಳ್ಳಿ, ಅಲ್ಯುಮಿನಿಯಂ ಪಾತ್ರೆಗೆ ಮಾತ್ರ ಹಾಕಬೇಡಿ, ಕಪ್ಪಾಗುತ್ತದೆ.

ಸೋಡಾಕ್ಕೆ ವಿನೆಗರ್ ಸುರಿದು ಬುಸುಬುಸು ನೊರೆ ಬರಿಸುವ ಉಪಾಯ ಎಲ್ಲೆಲ್ಲೂ ಕಾಣುತ್ತದೆ. ನೋಡಲು ಏನೋ ಭಾರಿ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ನಿಜಕ್ಕೂ ಅಲ್ಲಿ ನಡೆಯುವುದೇನೆಂದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು ಉಳಿಯುವುದು. ಅಪಾಯವಿಲ್ಲ, ಆದರೆ ಎರಡು ಒಳ್ಳೆಯ ಕ್ಲೀನರ್ ಹೋಗಿ ಹೆಚ್ಚುಕಡಿಮೆ ನೀರಷ್ಟೇ ಉಳಿಯಿತು. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆಯಾಗಿ ಬಳಸಿ. ಮುಚ್ಚಿದ ಬಾಟಲಿಯಲ್ಲಿ ಮಾತ್ರ ಎಂದೂ ಬೆರೆಸಬೇಡಿ, ಅನಿಲದ ಒತ್ತಡಕ್ಕೆ ಸಿಡಿಯುತ್ತದೆ.

ಅಂಟುವಾಳಕಾಯಿಯಲ್ಲಿ ಸಪೋನಿನ್ ಎಂಬ ನೊರೆಕೊಡುವ ವಸ್ತು ಸಹಜವಾಗಿಯೇ ಇದೆ. ಬೀಜ ತೆಗೆದ ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ ಸೋಸಿದರೆ ನೆಲಕ್ಕೆ, ಸೂಕ್ಷ್ಮವಾದ ಬಟ್ಟೆಗೆ, ಲೋಹದ ಒಡವೆಗೆ ಹಿತವಾದ ಕ್ಲೀನರ್. ದಪ್ಪ ಜಿಡ್ಡಿಗೆ ಸಾಲದು. ಕಣ್ಣಿಗೆ ಬಿದ್ದರೆ ಚೆನ್ನಾಗಿಯೇ ಉರಿಯುತ್ತದೆ, "ಕಾಯಿ ತಾನೇ" ಎಂದು ಮಕ್ಕಳ ಕೈಗೆ ಕೊಡಬೇಡಿ. ಕುದಿಸಿದ ನೀರು ಕೆಲವೇ ದಿನಗಳಲ್ಲಿ ಕೆಡುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು. ಹಣ್ಣಿನ ಸಿಪ್ಪೆಗೆ ಬೆಲ್ಲ, ನೀರು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿ ಮಾಡುವ ಬಯೋಎಂಜೈಮ್ ಬಗ್ಗೆಯೂ ಕೇಳುವವರಿದ್ದಾರೆ. ಸಿಪ್ಪೆ ಕಸಕ್ಕೆ ಹೋಗದೆ ಉಪಯೋಗವಾಗುತ್ತದೆ ಎಂಬ ಸಂತೋಷ ದೊಡ್ಡದೇ. ಆದರೆ ಪ್ರತಿ ಬಾರಿ ಒಂದೇ ಶಕ್ತಿ ಬರುತ್ತದೆ ಎನ್ನುವಂತಿಲ್ಲ, ಅದು ಹುಳಿಯಾದ್ದರಿಂದ ಅಮೃತಶಿಲೆಗೆ ಆಗುವುದಿಲ್ಲ, ಸೋಂಕು ಕಳೆಯಲು ಅದನ್ನು ನಂಬುವಂತಿಲ್ಲ. ಹುದುಗುವಾಗ ಮುಚ್ಚಳ ಆಗಾಗ ಸಡಿಲಿಸದಿದ್ದರೆ ಬಾಟಲಿ ಒಡೆಯಬಹುದು. ಸಮಯವೂ ಜಾಗವೂ ಇದ್ದವರಿಗೆ ನೆಲ ಒರೆಸಲು ಸರಿ.

ಕ್ರಿಮಿ ಕೊಲ್ಲಲೇಬೇಕು, ಬ್ಲೀಚಿನ ಆವಿ ಆಗುವುದಿಲ್ಲ ಎನ್ನುವವರು ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ನೋಡಬೇಕು. ಕೆಲಸ ಮುಗಿದ ಮೇಲೆ ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಮೇಲ್ಮೈ ಮೇಲೆ 10 ನಿಮಿಷ ಒದ್ದೆಯಾಗಿ ನಿಲ್ಲಬೇಕು. ಬೆಳಕಿಗೆ ಕೆಡುವುದರಿಂದ ಗಾಢ ಬಣ್ಣದ ಬಾಟಲಿಯಲ್ಲೇ ಇಡಬೇಕು, ಬಣ್ಣದ ಬಟ್ಟೆಗೆ ತಾಗಿದರೆ ಮಚ್ಚೆ ಬೀಳುತ್ತದೆ. ಬೆಲೆ ಬ್ಲೀಚಿಗಿಂತ ಹೆಚ್ಚು, ಆದರೆ ಬಾಗಿಲ ಹಿಡಿ, ಕತ್ತರಿಸುವ ಹಲಗೆ, ಟಾಯ್ಲೆಟ್ ಸೀಟು ಎಂದು ಜಾಗ ಹಿಡಿದು ಬಳಸಿದರೆ ಬಹಳ ಬೇಕಾಗುವುದಿಲ್ಲ. ಫೋನು, ಸ್ವಿಚ್ಚುಗಳಿಗೆ ಶೇ. 70ರ ಆಲ್ಕೋಹಾಲ್ ಅನುಕೂಲ. ಉರಿಯ ಹತ್ತಿರ ಮಾತ್ರ ಬೇಡ.

ಇನ್ನು ಕುದಿಯುವ ನೀರು, ಆವಿ, ಬಿಸಿಲು, ಒಳ್ಳೆಯ ಬಟ್ಟೆ. ಸ್ಪಂಜನ್ನೂ ಒರೆಸುವ ಬಟ್ಟೆಯನ್ನೂ ಕುದಿಸಿ ಪೂರ್ತಿ ಒಣಗಿಸುವುದು, ಯಾವ ದ್ರವ ಬಳಸುತ್ತೀರಿ ಎಂಬುದರಷ್ಟೇ ಮುಖ್ಯ. ಹಸಿಯಾಗಿ ಮುದುಡಿ ಬಿದ್ದ ಬಟ್ಟೆಯಿಂದ ಎಷ್ಟು ದುಬಾರಿ ಕ್ಲೀನರ್ ಒರೆಸಿದರೂ ಕ್ರಿಮಿಗಳು ಊರು ಬದಲಿಸುತ್ತವೆ, ಅಷ್ಟೇ. ಗೋಡೆಯ ಬೂಷ್ಟಿನದೂ ಇದೇ ನ್ಯಾಯ. ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸುವವರೆಗೆ ಬ್ಲೀಚೂ ಸಾಲದು, ವಿನೆಗರೂ ಸಾಲದು.

ಹಸಿರು ಲೇಬಲ್, ಸುವಾಸನೆಯ ಎಣ್ಣೆ

"ನೈಸರ್ಗಿಕ", "ವಿಷರಹಿತ" ಎಂಬ ಮಾತುಗಳನ್ನು ಬಾಟಲಿಯ ಮೇಲೆ ಅಚ್ಚು ಹಾಕಲು ಹೆಚ್ಚಿನ ಕಡೆ ಯಾರ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ಅವಕ್ಕಿಂತ ನಂಬಬಹುದಾದದ್ದು ಒಳಗಿನ ವಸ್ತುಗಳನ್ನು ಹೊರಗಿನವರು ಪರಿಶೀಲಿಸಿ ಕೊಡುವ ಗುರುತು. 1992ರಿಂದ ಇರುವ ಐರೋಪ್ಯ ಒಕ್ಕೂಟದ ಇಯು ಇಕೋಲೇಬಲ್, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಸೇಫರ್ ಚಾಯ್ಸ್ ಅಂಥವು. ಗುರುತಿಲ್ಲದಿದ್ದರೆ ಪೂರ್ತಿ ಘಟಕಪಟ್ಟಿ ಇದೆಯೇ ನೋಡಿ. ಪಟ್ಟಿ ಕೊಡಲು ಹಿಂಜರಿಯುವ ಬಾಟಲಿಗೆ ಹೆಚ್ಚು ಬೆಲೆ ತೆರುವ ಕಾರಣ ನನಗೆ ಕಾಣುವುದಿಲ್ಲ. "ಪರಿಮಳ" ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಇರಬಹುದು.

ಆ ಪರಿಮಳದ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಿಂಬೆ, ಕಿತ್ತಳೆ, ಪೈನ್ ವಾಸನೆಗೆ ಕಾರಣವಾದ ಲಿಮೋನೀನ್‌ನಂಥ ವಸ್ತುಗಳು ಗಿಡದಿಂದಲೇ ಬಂದವಾದರೂ ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡನ್ನೂ ಅತಿಸೂಕ್ಷ್ಮ ಕಣಗಳನ್ನೂ ಉಂಟುಮಾಡುತ್ತವೆ. ಟೀ ಟ್ರೀ ಎಣ್ಣೆ ಬೆಕ್ಕುಗಳಿಗೆ ವಿಷ. ಅಂಥ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ವಸ್ತುಗಳೂ ಅದೇ ಕಾರಣಕ್ಕೆ ಬೆಕ್ಕಿಗೆ ಆಗುವುದಿಲ್ಲ. ಕರ್ಪೂರದ ಎಣ್ಣೆ, ನೀಲಗಿರಿ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಸೆಳವು ಬರಬಹುದು. ಕೆನಡಾದಲ್ಲಿ 2,000ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮನೆಯಲ್ಲಿ ಕ್ಲೀನರ್ ಬಳಕೆ ಹೆಚ್ಚಿದ್ದ ಮಕ್ಕಳಲ್ಲಿ 3 ವರ್ಷಕ್ಕೆ ಆಸ್ತಮಾ, ಉಬ್ಬಸ ಹೆಚ್ಚಿತ್ತು. ಪರಿಮಳದ ಮತ್ತು ಸ್ಪ್ರೇ ಉತ್ಪನ್ನಗಳ ನಂಟು ಎದ್ದು ಕಾಣುತ್ತಿತ್ತು. ಶುಚಿಯಾದ ಮನೆಗೆ ವಾಸನೆಯೇ ಇರಬೇಕಿಲ್ಲ.

ಯಾವುದನ್ನು ಯಾವುದರ ಜೊತೆ ಬೆರೆಸಬಾರದು

ಇದಕ್ಕೆ ರಿಯಾಯಿತಿ ಇಲ್ಲ. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಆಮ್ಲವೆಂದರೆ ಟಾಯ್ಲೆಟ್ ಕ್ಲೀನರೂ ಹೌದು, ವಿನೆಗರ್, ನಿಂಬೆರಸ, ಸಿಟ್ರಿಕ್ ಪುಡಿಯೂ ಹೌದು. ನೈಸರ್ಗಿಕದತ್ತ ಹೊರಟವರು ಹಳೆಯ ಬ್ಲೀಚಿನ ಜೊತೆ ಹೊಸ ವಿನೆಗರ್ ಬಳಸುವ ದಿನಗಳಲ್ಲೇ ಈ ಅಪಾಯ ಹೆಚ್ಚು. ಬ್ಲೀಚಿಗೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಅನಿಲ, ಆಲ್ಕೋಹಾಲ್ ಸೇರಿದರೆ ಕ್ಲೋರೋಫಾರ್ಮ್. ಮೂತ್ರದಲ್ಲೂ ಅಮೋನಿಯಾ ಇರುವುದರಿಂದ, ಬ್ಲೀಚ್ ಹಾಕುವ ಮುನ್ನ ಟಾಯ್ಲೆಟ್, ಬೆಕ್ಕಿನ ತಟ್ಟೆ ನೀರಿನಿಂದ ತೊಳೆದಿರಲಿ. ವಿನೆಗರ್ ಮತ್ತು ಪೆರಾಕ್ಸೈಡನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿದರೆ ಪೆರಾಸಿಟಿಕ್ ಆಮ್ಲವಾಗುತ್ತದೆ, ಅದು ಕಣ್ಣು, ಗಂಟಲನ್ನು ಸುಡುತ್ತದೆ. ತಪ್ಪಿ ಬೆರೆತು ಘಾಟೆದ್ದರೆ ತೊಳೆಯಲು ನಿಲ್ಲದೆ ಹೊರಗೆ ಬನ್ನಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ. ಮಗು ಕಟುವಾದದ್ದನ್ನು ಕುಡಿದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೆ ಸುಡುತ್ತದೆ. ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ.

ನಿಮ್ಮ ಮನೆಗೆ ಯಾವುದು

ಆಸ್ತಮಾ ಇರುವವರಿದ್ದರೆ ಸ್ಪ್ರೇ, ಪರಿಮಳ, ಬ್ಲೀಚ್, ಅಮೋನಿಯಾ ನಾಲ್ಕನ್ನೂ ಬಿಟ್ಟು ಸೋಪು, ಸಿಟ್ರಿಕ್ ಪುಡಿ, ಪೆರಾಕ್ಸೈಡ್ ಇಟ್ಟುಕೊಳ್ಳಿ. ವಿನೆಗರ್ ವಾಸನೆಯೂ ಕೆಲವರಿಗೆ ಕೆಮ್ಮು ತರುತ್ತದೆ. ಸಾಧ್ಯವಾದರೆ ಶುಚಿ ಮಾಡುವ ಹೊತ್ತಿಗೆ ಅವರು ಬೇರೆ ಕೋಣೆಯಲ್ಲಿರಲಿ, ಆ ಕೆಲಸ ಮನೆಯ ಬೇರೆಯವರದಾಗಲಿ.

ಅಂಬೆಗಾಲಿಡುವ ಮಗುವಿರುವ ಮನೆಯ ನೆಲಕ್ಕೆ ಸೋಪಿನ ನೀರು, ಆಮೇಲೊಮ್ಮೆ ಬರೀ ನೀರು. ಅಲ್ಲಿ ಕ್ರಿಮಿಗಿಂತ ದೊಡ್ಡ ಅಪಾಯ ಮಗುವಿನ ಕೈಗೆಟಕುವ ಬಾಟಲಿ. ಕಪಾಟು ಎತ್ತರದಲ್ಲಿರಲಿ, ಬೀಗವಿರಲಿ. ಬೆಕ್ಕು ನಾಯಿಗಳಿದ್ದರೆ ಸುವಾಸನೆಯ ಎಣ್ಣೆ, ಫಿನಾಯಿಲ್ ಬೇಡ.

ಮನೆಯಲ್ಲಿ ವಾಂತಿಭೇದಿ ಶುರುವಾದರೆ ಅಥವಾ ಕೀಮೋಥೆರಪಿಯಂಥ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿದ್ದರೆ ಆಗ ಮೃದುತ್ವದ ಹಟ ಬೇಡ. ಅಷ್ಟು ದಿನದ ಮಟ್ಟಿಗೆ, ಆಯಾ ಜಾಗಕ್ಕಷ್ಟೇ, ಅಳತೆಯಂತೆ ಬೆರೆಸಿದ ಬ್ಲೀಚ್ ಬಳಸಿ. ಇದಕ್ಕಾಗಿಯೇ ಒಂದು ಸಣ್ಣ ಬಾಟಲಿ ಮನೆಯಲ್ಲಿದ್ದರೆ ತಪ್ಪಿಲ್ಲ.

ದುಡ್ಡು ಬಿಗಿಯಾಗಿದ್ದರೆ ಸೋಪು, ವಾಷಿಂಗ್ ಸೋಡಾ, ಸಿಟ್ರಿಕ್ ಪುಡಿ ಮೂರೇ ಸಾಕು. ಬೇರೆ ಬೇರೆ ಕೋಣೆಗೆಂದು ಮಾರುವ ಬಾಟಲಿಗಳ ಹೆಚ್ಚಿನ ಕೆಲಸ ಈ ಮೂರರಲ್ಲೇ ಮುಗಿಯುತ್ತದೆ. ಸಮಯ ಇಲ್ಲದವರು ಕಟುವಾದ ಕ್ಲೀನರ್‌ಗೆ ಹೋಗುವ ಬದಲು ನೆನೆಸುವ ಉಪಾಯ ಮಾಡಿಕೊಳ್ಳಬಹುದು. ರಾತ್ರಿ ಮಲಗುವ ಮುನ್ನ ಕಮೋಡಿಗೆ ಸಿಟ್ರಿಕ್ ಪುಡಿ ಹಾಕಿ ಬಿಟ್ಟರೆ ಬೆಳಗ್ಗೆ ಒಂದು ಬಾರಿ ಬ್ರಷ್ ಆಡಿಸಿದರಾಯಿತು, ಅದಕ್ಕೂ ಮುಂಚೆ ಅಲ್ಲಿ ಬ್ಲೀಚ್ ಹಾಕಿಲ್ಲವೆಂಬ ಖಾತ್ರಿಯಿದ್ದರೆ. ಕೆಲಸಕ್ಕೆ ಬರುವವರು ಶುಚಿ ಮಾಡುವ ಮನೆಯಾದರೆ ಯಾವ ಬಾಟಲಿ, ಯಾವ ಅಳತೆ ಎಂದು ಅವರಿಗೆ ತಿಳಿಸಿ ಹೇಳುವುದು, ಒಳ್ಳೆಯ ಕೈಗವಸು ತಂದಿಡುವುದು, ಬಚ್ಚಲ ಕಿಟಕಿ ತೆರೆದಿಡುವುದು ಮನೆಯವರ ಹೊಣೆ. ಕಟುವಾದದ್ದನ್ನು ತಂದುಕೊಟ್ಟು ಬಾಗಿಲು ಮುಚ್ಚಿಕೊಳ್ಳುವುದು ಅನ್ಯಾಯ.

ಬದಲಾಯಿಸಲು ನಿರ್ಧರಿಸಿದವರು ಹಳೆಯ ಬಾಟಲಿಗಳನ್ನೆಲ್ಲ ಒಂದೇ ದಿನ ಮೋರಿಗೆ ಸುರಿಯಬೇಡಿ, ಪೈಪಿನೊಳಗೇ ಬೆರೆತು ಅನಿಲ ಏಳಬಹುದು. ಒಂದೊಂದಾಗಿ ಬಳಸಿ ಮುಗಿಸಿ, ಉಳಿದವನ್ನು ಅಪಾಯಕಾರಿ ತ್ಯಾಜ್ಯ ಪಡೆಯುವಲ್ಲಿಗೆ ಕೊಡಿ. ನೀವೇ ಮಾಡಿಕೊಂಡ ದ್ರಾವಣವನ್ನು ಜ್ಯೂಸಿನ ಅಥವಾ ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ಬೇರೆ ಬಾಟಲಿಗೆ ತುಂಬಿ, ಒಳಗೇನಿದೆ, ಯಾವತ್ತು ಮಾಡಿದ್ದು, ಯಾವುದರ ಜೊತೆ ಬೆರೆಸಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.